ಗುಂಜಿಯಲ್ಲಿ ಎಕ್ಸ್‌ಪ್ರೆಸ್ ನಿಲ್ಲಿಸಿದ ಹುಡುಗಿ

೨೦೦೧ರಲ್ಲಿ ನಾನು ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಒಂದು ಕೋಣೆ ಹಿಡಿದು ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದೆ. ಕಪ್ಪೆಯ ಹೊಟ್ಟೆ, ಹೂವಿನ ಎಸಳು ಬರೆದು ಬರೆದು ಬೇಸತ್ತು, ಸ್ವಂತ ಖರ್ಚಿನಲ್ಲಿ ಒಂದು ಸೂಪರ್‌ಹೀರೋ ಕಾಮಿಕ್ ತರುವ ಹುಚ್ಚು ಹತ್ತಿಸಿಕೊಂಡೆ. ಇಪ್ಪತ್ನಾಲ್ಕು ಪುಟ, ಎರಡೇ ಬಣ್ಣ. ನಾಯಕರು ಮೂವರು ಹದಿಹರೆಯದವರು: ಹುಡುಗನನ್ನೇ ಮೆಚ್ಚುವ ಹುಡುಗ, ಹುಡುಗಿಯನ್ನೇ ಮೆಚ್ಚುವ ಹುಡುಗಿ, ಮತ್ತು ಮನೆಯವರು ಗಂಡೆಂದರೂ ತಾನು ಹೆಣ್ಣೆಂದೇ ಬಲ್ಲ ಸುಮಾ. ಅಂಥ ಮಕ್ಕಳ ಕೈಗೆ ಶಕ್ತಿ ಬಂದರೆ ಏನು ಮಾಡಿಯಾರು ಎಂಬ ಕುತೂಹಲವೊಂದೇ ನನ್ನ ಬಂಡವಾಳ.

ಅಂಥವರೊಬ್ಬರನ್ನು ಹತ್ತಿರದಿಂದ ಕಂಡದ್ದು ಗಂಗಾ ಬಂದ ಮೇಲೆ. ಖಾನಾಪುರ ತಾಲ್ಲೂಕಿನ ಗುಂಜಿಯವಳು, ವಯಸ್ಸು ಹದಿನಾರು. ಮನೆಯಲ್ಲಿ ಮಗನೆಂದೇ ಬೆಳೆಸಿದ್ದರು. ಹುಡುಗಿಯಾಗಿಯೇ ಬದುಕುತ್ತೇನೆ ಎಂದ ದಿನ ಬಾಗಿಲು ಮುಚ್ಚಿಕೊಂಡಿತು. ಬೆಳಗಾವಿಯದೇ ರಾಮತೀರ್ಥ ನಗರದ ಸೋದರತ್ತೆಯ ಮನೆಯಲ್ಲಿದ್ದುಕೊಂಡು ನನ್ನಲ್ಲಿಗೆ ಚಿತ್ರ ಕಲಿಯಲು ಬರುತ್ತಿದ್ದಳು.

ಪೆನ್ಸಿಲ್ ಪುಟಗಳನ್ನು, ಅಂದರೆ ಇಂಕ್ ಹಚ್ಚುವ ಮುಂಚಿನ ಕರಡನ್ನು, ಅವಳ ಮುಂದೆ ಹರವಿದೆ. ಸುಮಾಳಂಥವರೆಂದರೆ ನಮ್ಮ ಕಡೆ ಥಟ್ಟನೆ ನೆನಪಾಗುವವರು ಸೀರೆಯುಟ್ಟು ದೇವಿಯ ಬುಟ್ಟಿ ಹೊತ್ತು ತಿರುಗುವ ಜೋಗಪ್ಪಂದಿರು. ಹಾಗಾಗಿ ಸುಮಾಳ ಮೈಮೇಲೆ ದೇವಿ ಬಂದೊಡನೆ ಶಕ್ತಿ ಉಕ್ಕುವಂತೆ, ಊರೇ ಅಡ್ಡಬೀಳುವಂತೆ ಬರೆದಿದ್ದೆ. ಭಾರಿ ಐಡಿಯಾ ಎಂದು ಒಳಗೊಳಗೇ ಬೀಗುತ್ತಲೂ ಇದ್ದೆ.

ಗಂಗಾ ಪುಟ ತಿರುವಿ ನೋಡಿ ಕೇಳಿದಳು: "ದೇವಿ ಬಂದಾಳಂದ್ರ ಕಾಲಿಗಿ ಬೀಳ್ತಾರ್ರಿ ಸರ್. ಮನ್ಯಾಗ ಇಟ್ಕೋತಾರೇನ್ರಿ?"

ನನ್ನ ಐಡಿಯಾ ಅಲ್ಲಿಗೇ ಠುಸ್ ಆಯಿತು. "ಹಂಗಾರ ನಿನಗ ಎಂಥಾ ಶಕ್ತಿ ಬೇಕು?" ಎಂದೆ.

"ಎಕ್ಸ್‌ಪ್ರೆಸ್ ರೈಲು ಗುಂಜ್ಯಾಗ ನಿಲ್ಲಂಗಿಲ್ರಿ. ಬರೇ ಕೈ ಎತ್ತಿ ಅದನ್ನ ನಿಲ್ಲಸೂದು."

"ಹತ್ತಿ ಎಲ್ಲಿಗಿ ಹೋಗಾಕಿ?" ಮುಂಬೈ ಎನ್ನುತ್ತಾಳೆಂದು ಕಾದೆ.

"ಹತ್ತೂದಲ್ರಿ ಸರ್, ಇಳಿಯೂದು. ಇಳದು ಮನಿಗಿ ಹೋಗೂದು."

ಕೊನೆಯ ಎಂಟು ಪುಟ ಹೊಸದಾಗಿ ಬರೆದೆ. ಬೋಗಿಯೊಳಗಿಂದ ಸುಮಾ ಕೈ ಎತ್ತುತ್ತಾಳೆ, ಎಕ್ಸ್‌ಪ್ರೆಸ್ ಗುಂಜಿಯಲ್ಲಿ ನಿಲ್ಲುತ್ತದೆ, ಮೂವರೂ ಇಳಿಯುತ್ತಾರೆ. ಸುಮಾಳ ತಾಯಿ ಬಾಗಿಲು ತೆಗೆದು ಊಟಕ್ಕೆ ಮೂರು ತಾಟು ಇಡುತ್ತಾಳೆ. ಅಚ್ಚಾದ ಮೇಲೆ ಗಂಗಾ ಊರಿನವರ ಕೈಯಲ್ಲಿ ಒಂದು ಪ್ರತಿ ಮನೆಗೆ ಕಳಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಹೆಂಗಸು ನನ್ನ ಕೋಣೆ ಹುಡುಕಿಕೊಂಡು ಬಂದರು. ಕೈಯಲ್ಲಿ, ಬೆನ್ನಿಗೆ ನನ್ನ ವಿಳಾಸ ಅಚ್ಚಾಗಿದ್ದ ಅದೇ ಕಾಮಿಕ್. ಕಡೆಯ ಪುಟ ತೆರೆದು ಬೆರಳಿಟ್ಟರು. "ಬಾಗಲಾ ತಗದಾಕಿ ನಾನಽ ಏನ್ರಿ?"

"ಹೌದ್ರಿ. ಗಂಗಾ ಹೇಳಿದಂಗ ಬರದೇನಿ. ಕುಂದರ್ರಿ."

ಅವರು ಕೂರಲಿಲ್ಲ. "ಚಿತ್ರದಾಗ ತಗದೇನಿ. ಖರೇ ನೋಡಿದ್ರ ಇನ್ನೂ ತಗದಿಲ್ರಿ. ಎಲ್ಲಿ ಅದಾಳ? ಕರಕೊಂಡು ಹೋಗಾಕ ಬಂದೇನಿ."

ಗಂಗಾ ಹಿತ್ತಲಲ್ಲಿ ಬ್ರಷ್ ತೊಳೆಯುತ್ತಿದ್ದಳು. ಸಂಜೆ ತಾಯಿ ಮಗಳಿಬ್ಬರನ್ನೂ ಗುಂಜಿಯಲ್ಲಿ ನಿಲ್ಲುವ ಪ್ಯಾಸೆಂಜರ್ ಗಾಡಿಗೆ ಹತ್ತಿಸಿ ಬಂದೆ.

ಆಮೇಲೂ ಎಷ್ಟೋ ವೀರರನ್ನು ಬರೆದಿದ್ದೇನೆ. ಈಗ ಅವರಿಗೆ ಶಕ್ತಿ ಕೊಡುವ ಮೊದಲು, ಎಲ್ಲಿ ಇಳಿಯಬೇಕು ಎಂದು ಕೇಳಿಕೊಳ್ಳುತ್ತೇನೆ.