ಮೊದಲನೇ ತಟ್ಟೆ ಯಾರ ಕೈಗೆ?

ಚಾಮರಾಜಪೇಟೆಯ ನನ್ನ ತಂಗಿ ಸುಧಾಳ ಮನೆಯಲ್ಲಿ ಒಂದು ಕಾನೂನಿದೆ. ಆರ್ಡರ್ ಕೊಡಲು ಬಂದ ಹೆಂಗಸರು ಅರಿಶಿನ ಕುಂಕುಮ ತೆಗೆದುಕೊಳ್ಳದೆ ಹೊರಗೆ ಹೋಗುವಂತಿಲ್ಲ. ಬಂದ ತಕ್ಷಣ ಕಾಫಿ, ಹೊರಡುವಾಗ ಕುಂಕುಮ, ಜೊತೆಗೆ ಒಂದು ತುಂಡು ಹೂವು. (ಆರ್ಡರ್ ಕೊಡದೆ ಬರೀ ರೇಟು ಕೇಳಿ ಹೋಗುವವರಿಗೂ!)

ಸುಧಾ ಮದುವೆ, ಸೀಮಂತಗಳಿಗೆ ಆರತಿ ತಟ್ಟೆ ಅಲಂಕರಿಸಿ ಕೊಡುತ್ತಾಳೆ. ಕೊಬ್ಬರಿ ಗಿಟುಕಿನ ಮೇಲೆ ಬಳ್ಳಿ, ನವಿಲು, ಹಂಸ ಕೆತ್ತುತ್ತಾಳೆ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ, ಅದೇ ಶೋರೂಮ್. ಬೋರ್ಡಿಲ್ಲ. ಆದರೂ ಮಲ್ಲೇಶ್ವರದಿಂದ ಹುಡುಕಿಕೊಂಡು ಬರುತ್ತಾರೆ. ಯಾಕೆ? ಕೆಲಸ ಚೆನ್ನಾಗಿದೆ, ನಿಜ. ಬಂದವರನ್ನು ನೋಡಿಕೊಳ್ಳುವ ರೀತಿ ಇನ್ನೂ ಚೆನ್ನಾಗಿದೆ.

ಈಗೆಲ್ಲ ಕಸ್ಟಮರ್ ಕೇರ್ ಎಂಬ ಮಾತು ಶುರುವಾಗಿದೆ. ಫೋನ್ ಮಾಡಿದರೆ ಯಾವುದೋ ಹುಡುಗಿ ನಮಗೆ ಶುಭ ಹಾರೈಸುತ್ತಾಳೆ, ಕೆಲಸವೊಂದು ಬಿಟ್ಟು ಮಿಕ್ಕೆಲ್ಲ ಮಾಡಿಕೊಡುತ್ತಾಳೆ. ನಮ್ಮ ಸುಧಾಗೆ ಇಂಥ ಟ್ರೇನಿಂಗ್ ಬೇಕಿಲ್ಲ ಎಂದು ನಾನೇ ಎಲ್ಲರ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಹೋದ ತಿಂಗಳವರೆಗೆ.

ಹೋದ ತಿಂಗಳು ಹನುಮಂತನಗರದಿಂದ ವಿಶಾಲಾಕ್ಷಮ್ಮ ಎಂಬುವರು ಬಂದರು. ಮಗಳ ಮದುವೆ. ನಾನು ಆಗ ಅಲ್ಲೇ ಇದ್ದೆ. ಸಂಜೆ ನಾಲ್ಕಕ್ಕೆ ತಂಗಿಯ ಮನೆಯಲ್ಲಿ ಕಾಫಿ ಎಂದರೆ ನಾಲ್ಕಕ್ಕೇ. (ಸ್ಕೂಲಿನಿಂದ ರಿಟೈರ್ ಆದರೂ ಬೆಲ್ಲು ನನ್ನ ತಲೆಯೊಳಗೆ ಹೊಡೆಯುತ್ತಲೇ ಇದೆ.)

“ನಮ್ಮ ರೂಪಾಳ ತಂದೆ ಹೋಗಿ ಬಹಳ ವರ್ಷ ಆಯ್ತು. ಶುಭಕಾರ್ಯದಲ್ಲಿ ನಾನು ಮುಂದೆ ನಿಲ್ಲೋಳಲ್ಲ,” ಎಂದರು ಆಕೆ. “ಆದ್ರೆ ಅವಳು ಹಟ ಹಿಡಿದುಬಿಟ್ಟಿದಾಳೆ. ಬೀಗರು ಛತ್ರದ ಬಾಗಿಲಿಗೆ ಬಂದಾಗ ಮೊದಲನೇ ತಟ್ಟೆ ನೀನೇ ಹಿಡೀಬೇಕು, ಇಲ್ದಿದ್ರೆ ನಾನು ಹಸೆಮಣೆ ಮೇಲೆ ಕೂರೋದೇ ಇಲ್ಲ ಅಂತಾಳೆ.”

“ಮತ್ತೇನು, ಹಿಡೀರಿ! ಸಾಕಿ ಬೆಳೆಸಿದ್ದು ನೀವು ತಾನೆ?” ಎಂದಳು ಸುಧಾ.

“ಹಿಡೀಲಾ ಅಂತೀರಾ? ನಮ್ಮ ಓರಗಿತ್ತಿಯರು ಏನಂತಾರೋ...”

“ಅಂದುಕೊಳ್ಳಲಿ ಬಿಡಿ. ನಿಮ್ಮ ಕೈಗೆ ಹಗುರ ಇರೋ ಹಾಗೆ ಮಾಡ್ಕೊಡ್ತೀನಿ.”

ಆಕೆಯ ಮುಖ ನೋಡಬೇಕಿತ್ತು. ಆಮೇಲೆ ಮತ್ತೆ ಮತ್ತೆ ಬಂದರು. ಬಣ್ಣ ನೋಡಿದರು, ಮುತ್ತು ಆರಿಸಿದರು. ಒಂದು ದಿನ ಕೆತ್ತಿದ ನವಿಲನ್ನು ಹಿಡಿದು, “ಸುಧಾ ಅವರೇ, ಇದರ ಕತ್ತು ಯಾಕೋ ನಮ್ಮ ಬೀಗಿತ್ತಿ ತರಹ ಇದೆ ಕಣ್ರೀ,” ಎಂದರು.

“ಹಾಗೇ ಇರಲಿ ಬಿಡಿ, ಅವರಿಗೂ ಖುಷಿ ಆಗತ್ತೆ!”

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಹೊರಡುವಾಗ ಸುಧಾ ಗೇಟಿನವರೆಗೂ ಹೋಗಿ ಬೀಳ್ಕೊಡುತ್ತಿದ್ದಳು. ಕುಂಕುಮದ ಬಟ್ಟಲು ಮಾತ್ರ ಒಳಗಿನಿಂದ ಬರುತ್ತಿರಲಿಲ್ಲ. ನಾನದನ್ನು ಗಮನಿಸಲಿಲ್ಲ. ವಿಶಾಲಾಕ್ಷಮ್ಮ ಗಮನಿಸಿರಬೇಕು.

ತಟ್ಟೆ ಒಯ್ಯುವ ದಿನ ಬಂತು. ಮರುದಿನ ಸಂಜೆಯೇ ವರಪೂಜೆ. ಆಕೆ ಪಕ್ಕದ ಮನೆಯ ಹೆಂಗಸನ್ನು ಜೊತೆಗೆ ಕರೆದುಕೊಂಡು ಬಂದಿದ್ದರು. ಸುಧಾ ಬಟ್ಟಲು ತಂದಳು. ಪಕ್ಕದ ಮನೆಯಾಕೆಗೆ ಕುಂಕುಮ ಕೊಟ್ಟಳು, ಹೂವು ಕೊಟ್ಟಳು. ಆಮೇಲೆ ಆ ಮೊದಲನೇ ತಟ್ಟೆಯನ್ನೆತ್ತಿ ಅದನ್ನೂ ಆಕೆಯ ಕೈಗೇ ಇಟ್ಟಳು.

“ಅಯ್ಯೋ, ನಾನು ಬರೀ ಆಟೋದಲ್ಲಿ ಹಿಡ್ಕೊಳ್ಳೋಕೆ ಬಂದಿದೀನಿ. ಅವರಿಗೆ ಕೊಡಿ,” ಎಂದರು ಆಕೆ.

“ಇರ್ಲಿ ತೊಗೊಳ್ರೀ. ಮುತ್ತೈದೆ ಕೈಯಲ್ಲಿ ಮನೆ ದಾಟಿದ್ರೆ ಒಳ್ಳೇದು. ಶುಭಕಾರ್ಯ ಅಲ್ವಾ?”

ನಗುನಗುತ್ತಲೇ ಹೇಳಿದಳು. ವಿಶಾಲಾಕ್ಷಮ್ಮ ಮುಂದೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗು ಸರಿ ಮಾಡಿಕೊಂಡರು.

“ಹೌದಮ್ಮಾ, ಅವರಿಗೇ ಕೊಡಿ. ಮಗೂಗೆ ಒಳ್ಳೇದಾದ್ರೆ ಸಾಕು.”

ಆಟೋ ತಿರುವು ದಾಟಿದ ಮೇಲೆ ನಾನು ಸುಧಾಳಿಗೆ ಆ ಚಾಚಿದ ಕೈಯ ವಿಷಯ ಹೇಳಿದೆ. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಕೆತ್ತುವ ಚಾಕು ಕೆಳಗಿಟ್ಟು ಕೂತುಬಿಟ್ಟಳು.

“ಬೇಕಂತ ಮಾಡ್ಲಿಲ್ಲ ಅಕ್ಕಾ. ಅಭ್ಯಾಸ. ಕೈ ತಾನಾಗೇ ಆ ಕಡೆ ಹೋಯ್ತು.”

ನಂಬುತ್ತೇನೆ. ಒರಟಾಗಿ ಮಾತಾಡುವ ಅಂಗಡಿಯವರ ಜೊತೆ ಗಿರಾಕಿ ಜಗಳವಾದರೂ ಆಡಬಹುದು. ಇಷ್ಟು ಪ್ರೀತಿಯಿಂದ ನೋಯಿಸಿದರೆ ಏನು ಮಾಡಬೇಕು? ನಮ್ಮ ಉಪಚಾರವೂ ಪಾಠ ಒಪ್ಪಿಸಿದಂತೆ ಆಗಿಹೋಗಿತ್ತು. ಎದುರಿಗೆ ಯಾರು ನಿಂತಿದ್ದಾರೆ ಎಂದು ನೋಡದೆ ಒಪ್ಪಿಸುವುದು, ಅಷ್ಟೆ. ಕ್ರಮ ತಪ್ಪಬಾರದು ಎಂದು ಜೀವನವಿಡೀ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಕ್ರಮ ತಪ್ಪಲೇಬೇಕಾದ ಹೊತ್ತೂ ಇರುತ್ತದೆ ಎಂದು ಯಾವ ಪೀರಿಯಡ್‌ನಲ್ಲೂ ಹೇಳಿಕೊಡಲಿಲ್ಲ.

ಮರುದಿನ ಬೆಳಿಗ್ಗೆ ಸುಧಾ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಮನೆಮಂದಿಯೆಲ್ಲ ಛತ್ರ ಸೇರಿಯಾಗಿತ್ತು. ಯಾವ ಛತ್ರ ಎಂದು ನಾವು ಕೇಳಿಯೇ ಇರಲಿಲ್ಲ.

ಹಿತ್ತಾಳೆ ತಟ್ಟೆಗಳು ಸುಧಾಳವು. ಮದುವೆ ಮುಗಿದ ಮೇಲೆ ವಾಪಸ್ ಕೊಡಬೇಕು. ಕಳೆದ ವಾರ ಅವನ್ನು ತಂದುಕೊಟ್ಟವಳು ಮದುಮಗಳು ರೂಪಾ. ತೊಳೆದು, ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಯುವ ಹಾಗೆ ಮಾಡಿ ತಂದಿದ್ದಳು.

“ಎಲ್ಲರೂ ತುಂಬಾ ಮೆಚ್ಚಿದ್ರು ಆಂಟಿ.”

“ಅಮ್ಮ ಹಿಡಿದ್ರಾ?” ಸುಧಾಳ ದನಿ ಸಣ್ಣಗಾಗಿತ್ತು.

“ಇಲ್ಲ. ಅಷ್ಟು ದಿನ ಕುಣೀತಿದ್ದೋರು ಕೊನೇ ಘಳಿಗೇಲಿ ಬೇಡ ಅಂದುಬಿಟ್ರು. ದೊಡ್ಡಮ್ಮನ ಕೈಗೆ ಕೊಟ್ಟು ಅಡುಗೆಯವರ ಹತ್ರ ಹೋಗಿ ನಿಂತ್ಕೊಂಡ್ರು. ನಾನು ಅತ್ತು ಕರೆದೆ, ಬೈದೆ, ಏನೂ ನಡೀಲಿಲ್ಲ. ಯಾರೋ ಏನೋ ಅಂದಿರಬೇಕು. ಎಷ್ಟು ಕೇಳಿದ್ರೂ ಬಾಯಿ ಬಿಡಲ್ಲ.”

ಸುಧಾ ನನ್ನ ಮುಖ ನೋಡಿದಳು.

“ಅಂದ ಹಾಗೆ, ಮುಂದೆ ಸೀಮಂತಕ್ಕೂ ಇಲ್ಲೇ ಮಾಡಿಸ್ಬೇಕಂತೆ,” ಎಂದು ಹುಡುಗಿ ನಾಚಿಕೊಂಡು ನಕ್ಕಳು. “ಬಹಳ ಮರ್ಯಾದಸ್ಥ ಜನ ಅಂತ ಅಮ್ಮ ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು.”

ಹನುಮಂತನಗರಕ್ಕೆ ಹೋಗಿ ಕ್ಷಮೆ ಕೇಳುತ್ತೇನೆ ಎನ್ನುತ್ತಿದ್ದಾಳೆ ಸುಧಾ. ಹೋಗಲಿ. ವಿಶಾಲಾಕ್ಷಮ್ಮ ಖಂಡಿತ ಕ್ಷಮಿಸುತ್ತಾರೆ, ಕಾಫಿಯನ್ನೂ ಕೊಡುತ್ತಾರೆ.

ಆದರೆ ಮಗಳ ಮದುವೆ ಇನ್ನೊಂದು ಸಲ ಆಗುತ್ತದೆಯೇ?