ಐದನೆಯ ಬಾಲ್ದಿ

ಪರೇಲಿನ ನಮ್ಮ ಚಾಳಿನಲ್ಲಿ ಬೆಳಗಿನ ನಲ್ಲಿಯ ಮುಂದೆ ಮನುಷ್ಯರು ಸಾಲು ನಿಲ್ಲುವುದಿಲ್ಲ, ಪಾತ್ರೆಗಳು ನಿಲ್ಲುತ್ತವೆ. ನೀರು ಬರುವ ಮೊದಲೇ ಕೊಡ, ತಪೇಲಿ, ಡಬ್ಬಗಳನ್ನು ಒಂದರ ಹಿಂದೊಂದು ಇಟ್ಟು ಅವುಗಳ ಯಜಮಾನರು ಹಲ್ಲುಜ್ಜಲು ಹೋಗುತ್ತಾರೆ. ಸ್ವರಾಜ್ಯ ಬಂದು ಹತ್ತು ವರ್ಷವಾದರೂ ನಮಗೆ ಎರಡನೆಯ ನಲ್ಲಿ ಬಂದಿಲ್ಲ. ಆ ಸಾಲಿನಲ್ಲಿ ನನ್ನ ಸೊಟ್ಟ ಬಾಲ್ದಿ ಎಷ್ಟನೆಯದೆಂದು ದಿನವೂ ದಿನಚರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಕಳೆದ ತಿಂಗಳು ಹತ್ತೊಂಬತ್ತು ದಿನ ಅದು ಐದನೆಯದಾಗಿತ್ತು. ಇಂಥದ್ದನ್ನೆಲ್ಲ ಬರೆದಿಡುವವನಿಗೆ ಹೆಣ್ಣು ಯಾರು ಕೊಡುತ್ತಾರೆಂದು ನೀವು ಕೇಳಬಹುದು. ಪಕ್ಕದ ಖೋಲಿಯ ಗಂಗಕ್ಕನೂ ಅದನ್ನೇ ಕೇಳುತ್ತಾರೆ.

ಗಂಗಕ್ಕನ ಮಗಳು ಸುಮಿತ್ರೆ ಟೆಲಿಫೋನ್ ಕಚೇರಿಯ ಪರೀಕ್ಷೆಗೆ ಎರಡನೆಯ ಸಲ ಕೂರುವವಳಿದ್ದಳು. ಮೊದಲ ಸಲ ತರ್ಕದ ಪ್ರಶ್ನೆಗಳಲ್ಲಿ ಸೋತಿದ್ದಳು. ಈ ಸಲವೂ ಆಗದಿದ್ದರೆ ಬೆಳಗಾವಿಗೆ ಕಳಿಸಿ ವರ ನೋಡುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಕಾಲೇಜಿನಲ್ಲಿ ಒಂದು ವರ್ಷ ತರ್ಕಶಾಸ್ತ್ರ ಓದಿದ ಗುಮಾಸ್ತನೆಂಬ ಕಾರಣಕ್ಕೆ ಪಾಠದ ಭಾರ ನನ್ನ ಮೇಲೆ ಬಿತ್ತು. ಮೊದಲ ಭಾನುವಾರ ಹತ್ತು ಪ್ರಶ್ನೆ ಕೊಟ್ಟು ಲೆಕ್ಕವಿಟ್ಟೆ. ಏಳಕ್ಕೆ ಸರಿಯುತ್ತರ ಬರೆದಳು, "ಯಾಕೆ?" ಎಂದು ಕೇಳಿದೊಡನೆ ಅವುಗಳಲ್ಲಿ ಐದನ್ನು ಅಳಿಸಿದಳು. ಅವಳ ರಬ್ಬರು ಸವೆದು ಕಡಲೆಕಾಳಿನಷ್ಟಾಗಿತ್ತು.

ಪುಸ್ತಕಪಂಡಿತನಾದ ನಾನು ಕೆಂಪು ಶಾಯಿಯಲ್ಲಿ, "ಮನುಷ್ಯರೆಲ್ಲರೂ ಮರ್ತ್ಯರು" ಎಂದು ಆರಂಭವಾಗುವ ಭವ್ಯ ಪಟವೊಂದನ್ನು ತಯಾರಿಸಿದೆ. ದೀಪ ಹಚ್ಚುವ ಹೊತ್ತಿಗೆ ಅದನ್ನು ಗಟ್ಟಿಯಾಗಿ ಓದಿಸುತ್ತಿದ್ದಾಗ ಗಂಗಕ್ಕ ಲಟ್ಟಣಿಗೆ ಹಿಡಿದೇ ಹೊರಬಂದರು.

"ಏನೋ ತಮ್ಮಾ, ಪಾಠ ಹೇಳಂದ್ರ ಮುಸ್ಸಂಜಿ ಹೊತ್ನ್ಯಾಗ ಎಲ್ಲಾರೂ ಸಾಯ್ತಾರಂತ ಹೇಳಾಕತ್ತೀಯಲ್ಲ!"

ಪಟವನ್ನು ಸುತ್ತಿಟ್ಟೆ. ದಿನಚರಿಯಲ್ಲಿ ಬರೆದೆ: ಮೊದಲ ಸಾಧನ, ಆಯುಸ್ಸು ನಾಲ್ಕು ದಿನ.

ಮರುದಿನ ನಲ್ಲಿಯ ಬಳಿ ನನ್ನ ಬಾಲ್ದಿ ಮೂರನೆಯದೆಂದು ನಾನು ಸಾಧಿಸುತ್ತಿದ್ದೆ. ಸುಮಿತ್ರೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಎರಡನೇದಾಗಿ ನಾ ಕೊಡ ಇಟ್ಟಾಗ ನಿಮ್ಮ ಬಾಲ್ದಿ ಇರಲಿಲ್ಲ. ನನ್ನ ಹಿಂದ ಶಾಂತಾಬಾಯಿ ತಪೇಲಿ ಇಟ್ರು, ಅದರ ಬೆನ್ನಿಗೇ ಡಬ್ಬಾ ಇಟ್ರು. ಆವಾಗೂ ಬಾಲ್ದಿ ಇರಲಿಲ್ಲ. ಅಂದಮ್ಯಾಲೆ ನೀವು ಡಬ್ಬಾದ ಹಿಂದ, ಅಣ್ಣಾ."

ಹೆಂಗಸರೆಲ್ಲ ನಕ್ಕರು. ಐದನೆಯ ಸ್ಥಾನಕ್ಕೆ ಇಳಿದ ನಾನು ಅವಳನ್ನೇ ನೋಡುತ್ತ ನಿಂತೆ. ಇಷ್ಟು ಮಾತಿನಲ್ಲಿ ಒಂದು ಸಲವೂ ಅವಳ ದನಿ ಅಳುಕಿರಲಿಲ್ಲ. ಮುಲುಂಡಿನಲ್ಲಿರುವ ನನ್ನ ಸಹೋದ್ಯೋಗಿ ತನ್ನ ಮನೆಯೊಳಗೇ ನಲ್ಲಿಯಿದೆಯೆಂದು ಬೀಗುತ್ತಾನೆ. ಪಾಪ, ಅವನ ಮನೆಯವರು ವಾದಿಸಲು ಕಲಿಯುವುದೆಲ್ಲಿ?

ಅಂದೇ ಸಂಜೆ ಹಳೆಯ ಪೆಟ್ಟಿಗೆಯ ರಟ್ಟು ಕತ್ತರಿಸಿ ಕೊಡ, ತಪೇಲಿ, ಡಬ್ಬ, ಬಾಲ್ದಿಗಳನ್ನು ಮಾಡಿದೆ. ಚೀಟಿಗಳಲ್ಲಿ ಸುಳುಹು ಬರೆದೆ: ಕೊಡ ಮೊದಲನೆಯದಲ್ಲ, ಡಬ್ಬ ತಪೇಲಿಯ ಬೆನ್ನಿಗೇ ಇದೆ, ಹೀಗೆ. ಪಾತ್ರೆಯನ್ನು ಇಡುವಾಗ "ಯಾಕಂದ್ರ" ಎಂದು ಕಾರಣವನ್ನು ಬಾಯಿಬಿಟ್ಟು ಹೇಳಬೇಕು. ಇಟ್ಟ ಮೇಲೆ ಎದುರಿಗಿರುವವನು ಎಷ್ಟೇ ಹುಬ್ಬು ಗಂಟಿಕ್ಕಿದರೂ, ಅವನು ಬೇರೆ ಕಾರಣ ತೋರಿಸುವ ತನಕ ಅದನ್ನು ಕದಲಿಸಬಾರದು. ಹುಬ್ಬು ಗಂಟಿಕ್ಕುವುದು ನನ್ನ ಕೆಲಸ. ಮೊದಲ ವಾರ ಹನ್ನೊಂದು ಸಲ ಅವಳು ಹೆದರಿ, ಸರಿಯಾಗಿ ಇಟ್ಟದ್ದನ್ನೇ ಕದಲಿಸಿದಳು. ಎರಡನೆಯ ವಾರ ನಾಲ್ಕು ಸಲ. ಆರನೆಯ ವಾರ ನನ್ನ ಹುಬ್ಬು ನೋಡಿ ನಕ್ಕಳು. ಆಮೇಲೆ ರಟ್ಟನ್ನೆಲ್ಲ ತೆಗೆದಿಟ್ಟು ಬರೀ ಪ್ರಶ್ನೆಗಳನ್ನು ಕೊಟ್ಟೆ. ಅವಳ ಬೆರಳುಗಳು ಚಾಪೆಯ ಮೇಲೆ ಇಲ್ಲದ ಕೊಡಗಳನ್ನು ಸರಿಸುತ್ತಿದ್ದವು.

ಪರೀಕ್ಷೆಗೆಂದು ಗಂಗಕ್ಕ ಹೊಸ ರಬ್ಬರು ಕೊಡಿಸಿದ್ದರು. ಸಂಜೆ ಟ್ರಾಮಿನಿಂದಿಳಿದು ಬಂದ ಸುಮಿತ್ರೆ ಅದನ್ನು ನನ್ನ ಅಂಗೈಯಲ್ಲಿಟ್ಟಳು. ನಾಲ್ಕು ಮೂಲೆಗಳೂ ಚೂಪಾಗಿಯೇ ಇದ್ದವು. ಅಂದು ದಿನಚರಿಯಲ್ಲಿ ಬರೆಯಲು ನನಗೆ ಯಾವ ಅಂಕಿಯೂ ಹೊಳೆಯಲಿಲ್ಲ.

ಆಯ್ಕೆಯ ಕಾಗದ ಬಂದದ್ದು ಆಮೇಲೆ. ಈ ವಾರ ಅವಳಿಗೆ ಮಧ್ಯಾಹ್ನದ ಪಾಳಿ. ಇಂದು ಬೇಗನೆ ಕಚೇರಿ ಸೇರಬೇಕಿದ್ದ ನಾನು, ನನ್ನ ಬಾಲ್ದಿ ಎರಡನೆಯದೆಂದು ಸುಳ್ಳೇ ಹೇಳಿ ನೋಡಿದೆ, ಹುಬ್ಬನ್ನೂ ಗಂಟಿಕ್ಕಿದೆ.

"ಬೇಕಾದ್ರ ನನ್ನ ಸರದಿ ತಗೋರಿ ಅಣ್ಣಾ," ಎಂದು ಸುಮಿತ್ರೆ ತನ್ನ ಕೊಡವನ್ನು ಹಿಂದಕ್ಕೆ ಒಯ್ದು ನನ್ನ ಬಾಲ್ದಿಯನ್ನು ಮುಂದಿಟ್ಟಳು. "ಆದ್ರ ಬಾಲ್ದಿ ಬಂದಿದ್ದು ಐದನೇದು."

ನೀರು ಹಿಡಿದು ಬಂದು ದಿನಚರಿ ತೆರೆದೆ. ಐದು ಎಂದೇ ಬರೆದೆ.