ರಾರಾವಿಯ ಇಪ್ಪತ್ತಮೂರು ವರದಿಗಳು

ಪಂಪಾವತಿ ಹುಟ್ಟಿ ಬೆಳೆದದ್ದು ಕುರುಗೋಡಿನಲ್ಲಿ. ತಂದೆ ಮಾರೆಣ್ಣ ಕಲ್ಲಿನ ಕ್ವಾರಿಯಲ್ಲಿ ದುಡಿಯುತ್ತಿದ್ದರು. ತಾಯಿ ಈರಮ್ಮ ಬಳ್ಳಾರಿಯಿಂದ ಜೀನ್ಸ್ ಪ್ಯಾಂಟುಗಳನ್ನು ತಂದು ಮನೆಯಲ್ಲೇ ಗುಂಡಿ ಹಚ್ಚುತ್ತಿದ್ದರು. ಪಂಪಾವತಿ ಪಿಯುಸಿಯಲ್ಲಿದ್ದಾಗ ಅವಳ ಚಿಕ್ಕಮ್ಮ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡಳು. ರಕ್ತ ಹೋಗುತ್ತಿದ್ದರೂ ನಾಚಿಕೆಯಿಂದ ಆಕೆ ಎರಡು ವರ್ಷ ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ಮುಂದೆ ಎಂಎಸ್ಸಿ ತರಗತಿಯಲ್ಲಿ ಮೇಷ್ಟ್ರೊಬ್ಬರು, ಈ ಕ್ಯಾನ್ಸರಿನ ಹಿಂದೆ ಬಹುತೇಕ ಎಚ್‌ಪಿವಿ ಎಂಬ ವೈರಸ್ ಇರುತ್ತದೆ, ಅದು ಕ್ಯಾನ್ಸರ್ ಆಗಿ ಬಲಿಯಲು ಹತ್ತು ಹದಿನೈದು ವರ್ಷ ಹಿಡಿಯುತ್ತದೆ ಎಂದರು. ಪಂಪಾವತಿ ಬರೆಯುವುದನ್ನು ನಿಲ್ಲಿಸಿ ಕೂತಳು. ಚಿಕ್ಕಮ್ಮನನ್ನು ಉಳಿಸಲು ಅಷ್ಟು ಸಮಯವಿತ್ತೇ!

ಆಮೇಲೆ ಅವಳು ಬೇರೆ ದಾರಿ ಹುಡುಕಲಿಲ್ಲ. ಈ ವೈರಸ್ ಜೀವಕೋಶದ ಕಾವಲನ್ನು ಹೇಗೆ ಕೆಡವುತ್ತದೆ ಎಂಬುದರ ಮೇಲೆ ಆರು ವರ್ಷ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದಳು. ಮೂವತ್ತೈದಕ್ಕೆ ಬಳ್ಳಾರಿಗೆ ಮರಳಿ, ಹೆಂಗಸರು ಮನೆಯಲ್ಲೇ ಹತ್ತಿ ಸುತ್ತಿದ ಕಡ್ಡಿಯಿಂದ ತಾವಾಗಿ ಮಾದರಿ ತೆಗೆದುಕೊಡಬಹುದಾದ ಪರೀಕ್ಷೆಯೊಂದನ್ನು ಸಿದ್ಧಪಡಿಸತೊಡಗಿದಳು. ಸಣ್ಣ ಪ್ರಯೋಗಾಲಯ, ಒಂದೇ ಕೋಣೆ.

ಮೊದಲ ಸುತ್ತಿಗೆ ಸಿರುಗುಪ್ಪ ತಾಲ್ಲೂಕಿನ ರಾರಾವಿ. ಅಲ್ಲಿನ ಆಶಾ ಕಾರ್ಯಕರ್ತೆ ಗುರುಬಸಮ್ಮ ಮನೆಮನೆ ತಿರುಗಿ, ಭತ್ತದ ನಾಟಿಗೆ ಹೋಗುವ ಇಪ್ಪತ್ತಮೂರು ಹೆಂಗಸರನ್ನು ಒಪ್ಪಿಸಿದಳು.

ಫಲಿತಾಂಶ ನೋಡಿ ಪಂಪಾವತಿ ಮತ್ತೊಮ್ಮೆ ಎಣಿಸಿದಳು. ಹತ್ತೊಂಬತ್ತು ಮಂದಿಯಲ್ಲಿ ವೈರಸ್! ಗಾಬರಿಯಲ್ಲಿ ಗುರುಬಸಮ್ಮನಿಗೆ ಫೋನ್ ಮಾಡಿ ಹೇಳಿಯೇಬಿಟ್ಟಳು. ಮಧ್ಯಾಹ್ನ ಮತ್ತೆ ಹಾಳೆ ತಿರುವಿದಾಗ ಕೊನೆಯ ಸಾಲು ಕಣ್ಣಿಗೆ ಬಿತ್ತು. ಪರೀಕ್ಷೆ ಸರಿಯಿದೆಯೇ ಎಂದು ನೋಡಲು ಬರೀ ನೀರು ಹಾಕಿಟ್ಟಿದ್ದ ಕೊಳವೆಯದು. ಅದರಲ್ಲೂ ವೈರಸ್ ತೋರಿಸಿತ್ತು.

ನೀರಿನಲ್ಲಿ ವೈರಸ್ ಎಲ್ಲಿಂದ ಬರಬೇಕು? ಹೋಲಿಕೆಗೆಂದು ಇಟ್ಟಿದ್ದ ವೈರಸ್ಸಿನ ಡಿಎನ್‌ಎಯನ್ನು ಅವಳು ಅದೇ ಮೇಜಿನ ಮೇಲೆ ತೆರೆದಿದ್ದಳು. ಅದರ ಕಣಗಳು ಬಹುತೇಕ ಕೊಳವೆಗಳಿಗೆ ಹಾರಿದ್ದವು. ತಪ್ಪು ಅವಳದೇ.

ಅಷ್ಟರಲ್ಲಿ ರಾರಾವಿಯಿಂದ ಫೋನ್ ಬಂತು. "ಮೇಡಂ, ಊರಾಗ ಹೆಂಗಸರು ಊಟಾನೂ ಬಿಟ್ಟು ಕುಂತಾರ. ನಾ ಏನು ಹೇಳ್ಲಿ?"

"ನೀವೇನೂ ಹೇಳಬ್ಯಾಡ್ರಿ, ಗುರುಬಸಮ್ಮ. ನಾನ ಬರ್ತೀನಿ."

ಮರುದಿನ ಬೆಳಿಗ್ಗೆ ಅಂಗನವಾಡಿಯಲ್ಲಿ ಎಲ್ಲರೂ ಸೇರಿದರು. ಪಂಪಾವತಿ ಕುರ್ಚಿಯಲ್ಲಿ ಕೂರಲಿಲ್ಲ.

"ತಪ್ಪು ನಂದು. ನಿಮ್ಮ ವರದಿ ನಂಬಬ್ಯಾಡ್ರಿ. ಅವಸರ ಮಾಡಿ ನಿಮ್ಮನ್ನ ಅಂಜಿಸಿದೆ. ವೈರಸ್ ಇದ್ರೂ ಅದು ಕ್ಯಾನ್ಸರ್ ಅಲ್ಲ, ಬಾಳ ಮಂದಿಗೆ ತಾನಾಗೇ ಹೋಗತೈತಿ. ಆದ್ರ ಇನ್ನೊಮ್ಮೆ ಪರೀಕ್ಷೆ ಮಾಡಬೇಕು."

ಒಬ್ಬಳು ಎದ್ದು ಹೊರಗೆ ಹೋದಳು. ಬೈದಿದ್ದರೂ ವಾಸಿಯಿತ್ತು ಅನ್ನಿಸಿತು ಪಂಪಾವತಿಗೆ. ಕೊನೆಗೆ ಮುಂದೆ ಕೂತಿದ್ದ ಸುಂಕಮ್ಮ, ಐವತ್ತು ದಾಟಿದ ಕೂಲಿ ಹೆಂಗಸು, ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದಳು.

"ಓದಿದೋರು ಊರಿಗೆ ಬಂದು ತಪ್ಪಾತು ಅಂದಿದ್ದು ನಾ ಇವತ್ತ ಕೇಳಿದ್ದು. ಕೊಡವ್ವ ಆ ಕಡ್ಡಿ, ಇನ್ನೊಮ್ಮೆ ಕೊಡ್ತೀನಿ."

ಆಕೆಯ ಹಿಂದೆ ಒಬ್ಬೊಬ್ಬರೇ ಬಂದರು. ಹೊರಗೆ ಹೋಗಿದ್ದವಳೂ ಮರಳಿದಳು.

ಬಳ್ಳಾರಿಗೆ ಮರಳಿದ ಪಂಪಾವತಿ ಪ್ರಯೋಗಾಲಯದ ಪಕ್ಕದ ಉಗ್ರಾಣವನ್ನು ಖಾಲಿ ಮಾಡಿಸಿ, ಮಾದರಿಗಳಿಗೆಂದೇ ಬೇರೆ ಕೋಣೆ ಮಾಡಿಕೊಂಡಳು. ಮೂರು ಸಲ ಪರೀಕ್ಷಿಸಿದಳು. ಪ್ರತಿ ಸಲವೂ ಮೊದಲು ನೋಡಿದ್ದು ನೀರಿನ ಕೊಳವೆಯನ್ನು. ಮೂರು ಸಲವೂ ಅದು ಶುದ್ಧವಾಗಿತ್ತು. ವೈರಸ್ ಇದ್ದದ್ದು ಇಬ್ಬರಲ್ಲಿ ಮಾತ್ರ. ಒಬ್ಬಳು ಮೂವತ್ತರ ಆಸುಪಾಸಿನವಳು, ಬಳ್ಳಾರಿಯ ವೈದ್ಯೆಗೆ ತೋರಿಸಿದಾಗ ಅವಳ ಗರ್ಭಕಂಠದಲ್ಲಿ ತೊಂದರೆ ಕಾಣಲಿಲ್ಲ. ಇನ್ನೊಬ್ಬಳು ಸುಂಕಮ್ಮ.

ಸುಂಕಮ್ಮನನ್ನು ಅದೇ ವೈದ್ಯೆ ಪರೀಕ್ಷಿಸಿ, ಕ್ಯಾನ್ಸರಿಗೆ ತಿರುಗುವ ಮುಂಚಿನ ಸಣ್ಣ ಕಲೆ ಎಂದರು. ಅದನ್ನು ಸುಟ್ಟು ತೆಗೆಯುವ ಕೆಲವೇ ನಿಮಿಷಗಳ ಚಿಕಿತ್ಸೆ. ಹೊರಗೆ ಬಂದ ಸುಂಕಮ್ಮ ಕೇಳಿದಳು, "ಇಷ್ಟೇನಾ? ಇದಕ್ಕ ಅಷ್ಟು ಅಂಜಿದ್ನಾ ನಾ?"

"ಇಷ್ಟೇ ಯವ್ವ," ಎಂದಳು ಪಂಪಾವತಿ.

ಒಂದು ವರ್ಷದ ನಂತರದ ಪರೀಕ್ಷೆಯಲ್ಲಿ ಸುಂಕಮ್ಮನ ಮೈಯಲ್ಲಿ ವೈರಸ್ಸಿನ ಸುಳಿವೇ ಇರಲಿಲ್ಲ. ಆ ವರದಿಯನ್ನು ಪಂಪಾವತಿ ಫೋನಿನಲ್ಲಿ ಹೇಳದೆ ರಾರಾವಿಗೇ ಹೋಗಿ ಕೈಗಿಟ್ಟಳು. ಸುಂಕಮ್ಮ ಮಂಡಕ್ಕಿ ಒಗ್ಗರಣೆ ತಿನ್ನಿಸದೆ ಬಿಡಲಿಲ್ಲ. ಸಿರುಗುಪ್ಪದಲ್ಲಿ ಬಸ್ಸು ಹತ್ತಿದ ಪಂಪಾವತಿಗೆ ಎಂಥ ನಿದ್ದೆ ಬಂತೆಂದರೆ, ಬಳ್ಳಾರಿಯಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ಬಂದು ಎಬ್ಬಿಸಬೇಕಾಯಿತು.